ಬಿಸಿಯೇರದ ವೇಗವರ್ಧಕ: ಕೊಡಗಿನ ತೋಟದ ಗಾಡಿಯಲ್ಲಿ ಬಿಎಸ್-6 ಏಕೆ ಸೊರಗುತ್ತದೆ

ರೊಬಸ್ಟಾ ಕಾಫಿ ಕೊಯ್ಲಿನ ದಿನಗಳಲ್ಲಿ ಕೊಡಗಿನ ಒಂದು ಸಾಧಾರಣ ತೋಟದ ಪಿಕಪ್ ಗಾಡಿ ಬೆಳಗಿನಿಂದ ಸಂಜೆಯವರೆಗೆ ಮಾಡುವ ಕೆಲಸವನ್ನು ಗಮನಿಸಿ ನೋಡಬೇಕು. ಬೆಳಿಗ್ಗೆ ಲೈನ್ ಮನೆಯಿಂದ ಕೆಲಸದವರನ್ನು ಕೊಯ್ಲಿನ ಜಾಗಕ್ಕೆ ಬಿಟ್ಟು ನಿಲ್ಲುತ್ತದೆ. ಹತ್ತು ಗಂಟೆಗೆ ಚಹಾ, ಮಧ್ಯಾಹ್ನಕ್ಕೆ ಖಾಲಿ ಚೀಲ, ಸಂಜೆ ತೂಕವಾದ ಹಣ್ಣಿನ ಮೂಟೆಗಳು, ಅಲ್ಲಿಂದ ಹಣ್ಣು ಒಣಗಿಸುವ ಕಣ ಅಥವಾ ಸಿಪ್ಪೆ ಸುಲಿಯುವ ಪಲ್ಪರ್ ಮನೆ. ಒಂದೊಂದು ಓಟವೂ ಒಂದೆರಡು ಕಿಲೋಮೀಟರ್ ದಾಟುವುದಿಲ್ಲ. ಹೆಚ್ಚಿನ ದಾರಿ ಮೊದಲ ಅಥವಾ ಎರಡನೇ ಗೇರಿನಲ್ಲಿ ಸಾಗುತ್ತದೆ. ಪ್ರತಿ ಓಟದ ಕೊನೆಗೆ ಕೀಲಿ ತಿರುಗಿಸಿ ಎಂಜಿನ್ ಆರಿಸಲಾಗುತ್ತದೆ. ಹೀಗೆ ಕೆಲವು ವಾರ ಕಳೆದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವೊಂದು ಹತ್ತಿಕೊಂಡು ಗಾಡಿ ಎಳೆಯುವುದನ್ನೇ ಬಿಟ್ಟಾಗ, ‘ಬಿಎಸ್-6 ಗಾಡಿ ನಮ್ಮ ತೋಟಕ್ಕೆ ಆಗಿಬರುವುದಿಲ್ಲ’ ಎಂಬ ತೀರ್ಪು ಹೊರಬೀಳುತ್ತದೆ. ಬಿಎಸ್-6 ಎಂದರೆ ಭಾರತ್ ಸ್ಟೇಜ್-6, ವಾಹನದ ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಮಾನದಂಡ. ಈ ತೀರ್ಪಿನಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧ ಎಲ್ಲಿ ತಪ್ಪುತ್ತದೆ ಎಂದು ತಿಳಿಯಬೇಕಾದರೆ ಸೈಲೆನ್ಸರಿನ ಮುಂದೆ, ಎಂಜಿನ್ನಿಗೆ ಅಂಟಿಕೊಂಡಂತೆ ಕುಳಿತು ಹೊಗೆಯ ಮಾಲಿನ್ಯವನ್ನು ಸುಡುವ ವೇಗವರ್ಧಕದ (ಕ್ಯಾಟಲಿಟಿಕ್ ಕನ್ವರ್ಟರ್) ಡಬ್ಬಿಯೊಳಗೆ ಏನು ನಡೆಯುತ್ತದೆ, ಮತ್ತು ಯಾವ ಸ್ಥಿತಿಯಲ್ಲಿ ಅದು ನಡೆಯದೇ ಹೋಗುತ್ತದೆ ಎಂಬುದನ್ನು ನೋಡಬೇಕಾಗುತ್ತದೆ.

ಆ ಡಬ್ಬಿಯೊಳಗಿನ ಕ್ರಿಯೆ ಹಳೆಯದು. ಬ್ರಿಟಿಷ್ ರಸಾಯನ ವಿಜ್ಞಾನಿ ಹಂಫ್ರಿ ಡೇವಿ 1817ರಲ್ಲಿ, ಬಿಸಿ ಮಾಡಿದ ಪ್ಲಾಟಿನಂ ತಂತಿಯನ್ನು ಉರಿಯಬಲ್ಲ ಅನಿಲ ಮತ್ತು ಗಾಳಿಯ ಮಿಶ್ರಣದಲ್ಲಿ ಹಿಡಿದರೆ, ಎಲ್ಲಿಯೂ ಜ್ವಾಲೆ ಕಾಣದಿದ್ದರೂ ತಂತಿ ಕೆಂಪಗೆ ಹೊಳೆಯುತ್ತಲೇ ಇರುವುದನ್ನು ತೋರಿಸಿದ. ಅನಿಲ ಉರಿಯುತ್ತಿತ್ತು, ಆದರೆ ಲೋಹದ ಮೇಲ್ಮೈಯಲ್ಲಿ ಮಾತ್ರ. ವೇಗವರ್ಧಕ ದಹನ ಎಂದು ಇಂದು ಕರೆಯುವುದು ಇದನ್ನೇ. ಸಾಮಾನ್ಯ ಜ್ವಾಲೆಯ ಉಷ್ಣಾಂಶ 1,500 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಗಾಳಿಯಲ್ಲಿರುವ ನೈಟ್ರೋಜನ್ ಕೂಡ ಆಮ್ಲಜನಕದೊಡನೆ ಸೇರಿ ನೈಟ್ರೋಜನ್ ಆಕ್ಸೈಡುಗಳು ವಿಪರೀತ ಹೆಚ್ಚುತ್ತವೆ. ಮೇಲ್ಮೈಯ ಮೇಲೆ ಕೆಲವೇ ನೂರು ಡಿಗ್ರಿಗಳಲ್ಲಿ ಉರಿಯುವ ದಹನಕ್ಕೆ ಆ ಕಾಟವಿಲ್ಲ. ವಾಹನದ ಡಬ್ಬಿಯಲ್ಲಿ ಈ ತಂತಿಯ ಬದಲಿಗೆ ಜೇನುಗೂಡಿನಂತಹ ಪಿಂಗಾಣಿ ಅಚ್ಚು ಇರುತ್ತದೆ. ಒಂದು ಚದರ ಇಂಚಿನಲ್ಲಿ ಸಾಮಾನ್ಯವಾಗಿ 400 ಕಂಡಿಗಳು. ಅವುಗಳ ಗೋಡೆಗೆ ಅಲ್ಯುಮಿನಾ ಲೇಪ. ಆ ಲೇಪದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಕಣಗಳು.

ಇಲ್ಲಿ ಮುಖ್ಯವಾದುದು ಉಷ್ಣಾಂಶ. ಹಸಿ ಸೌದೆಯನ್ನು ಒಲೆಗೆ ಹಾಕಿದವರಿಗೆಲ್ಲ ಇದು ಗೊತ್ತಿರುವ ಸಂಗತಿಯೇ: ಹೊತ್ತಿಕೊಳ್ಳುವ ತನಕ ಬರೀ ಹೊಗೆ, ಒಮ್ಮೆ ಹೊತ್ತಿಕೊಂಡ ಮೇಲೆ ತನ್ನ ಬಿಸಿಯಲ್ಲಿ ತಾನೇ ಉರಿಯುತ್ತದೆ. ವೇಗವರ್ಧಕಕ್ಕೂ ಇಂತಹ ಹೊತ್ತಿಕೊಳ್ಳುವ ಉಷ್ಣಾಂಶವಿದೆ. ಒಳಬಂದ ಮಾಲಿನ್ಯದಲ್ಲಿ ಅರ್ಧದಷ್ಟು ಸುಟ್ಟುಹೋಗುವ ಹಂತವನ್ನು ಅದರ ಗುರುತಾಗಿ ಇಟ್ಟುಕೊಳ್ಳುವುದು ವಾಡಿಕೆ. ಪೆಟ್ರೋಲ್ ಕಾರಿನ ವೇಗವರ್ಧಕಕ್ಕೆ ಇದು ಸುಮಾರು 250ರಿಂದ 300 ಡಿಗ್ರಿ. ಡೀಸೆಲ್ ಗಾಡಿಯ ಆಕ್ಸಿಡೇಷನ್ ವೇಗವರ್ಧಕಕ್ಕೆ ಸುಮಾರು 180ರಿಂದ 250. ಇದಕ್ಕಿಂತ ಕೆಳಗೆ ಕ್ರಿಯೆ ಬಹುತೇಕ ನಿಂತೇ ಇರುತ್ತದೆ, ಇಪ್ಪತ್ತು ಮೂವತ್ತು ಡಿಗ್ರಿ ಮೇಲೇರಿದರೆ ಸಾಕು, ಧಡಕ್ಕನೆ ಏರುತ್ತದೆ. ಇನ್ನೂ ಮೇಲೆ ಹೋದಾಗ ಉಷ್ಣಾಂಶ ಹೆಚ್ಚಿಸಿ ಹೆಚ್ಚಿನ ಲಾಭವಿಲ್ಲ, ಏಕೆಂದರೆ ಆಗ ಕ್ರಿಯೆಯ ವೇಗವನ್ನು ತಡೆಯುವುದು ರಸಾಯನವಲ್ಲ; ಕಂಡಿಯ ನಡುವೆ ಹರಿಯುವ ಅನಿಲದ ಅಣುಗಳು ಗೋಡೆಯವರೆಗೆ ತಲುಪಲು ಬೇಕಾಗುವ ಸಮಯ.

ಆ ಸಮಯ ಎಷ್ಟು ಕಡಿಮೆ ಎಂಬುದು ಒಂದು ಲೆಕ್ಕದಿಂದ ಅರಿವಾಗುತ್ತದೆ. ಒಂದು ಲೀಟರ್ ಗಾತ್ರದ ಡಬ್ಬಿಯ ಮೂಲಕ ಗಂಟೆಗೆ ಒಂದು ಲಕ್ಷ ಲೀಟರ್ ಅನಿಲ ಹರಿಯುವುದು ಜೋರು ಓಟದಲ್ಲಿ ಅಸಾಧಾರಣವೇನಲ್ಲ. ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಪ್ರತಿ ಅಣುವಿಗೂ ಡಬ್ಬಿಯೊಳಗೆ ಸಿಗುವ ಅವಕಾಶ ಒಂದು ಸೆಕೆಂಡಿನ ಇಪ್ಪತ್ತೆಂಟನೆಯ ಒಂದು ಪಾಲು. ಲೋಹ ಬಿಸಿಯಾಗಿದ್ದರೆ ಅಷ್ಟೇ ಸಾಕು. ತಣ್ಣಗಿದ್ದರೆ ಅದರ ಹತ್ತು ಪಟ್ಟು ಕೊಟ್ಟರೂ ಸಾಲದು.

ಇನ್ನೊಂದು ತೊಡಕು ಎಂಜಿನ್ ಸ್ಟಾರ್ಟ್ ಆದ ಮೊದಲ ಗಳಿಗೆಯದು. ತಣ್ಣಗಿನ ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನ ಸರಿಯಾಗಿ ಆವಿಯಾಗುವುದಿಲ್ಲವಾದ್ದರಿಂದ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಹೀಗಾಗಿ ಸುಡದ ಹೈಡ್ರೋಕಾರ್ಬನ್ ಮತ್ತು ಕಾರ್ಬನ್ ಮಾನಾಕ್ಸೈಡ್ ಅತಿ ಹೆಚ್ಚಾಗಿ ಬರುವುದು ವೇಗವರ್ಧಕ ಇನ್ನೂ ಕಣ್ಣುಬಿಡದ ಹೊತ್ತಿನಲ್ಲಿಯೇ. ಅದೂ ಸಾಲದೆಂಬಂತೆ ಕಾರ್ಬನ್ ಮಾನಾಕ್ಸೈಡ್ ಅಣುಗಳು ಪ್ಲಾಟಿನಂ ಕಣಗಳ ಮೇಲೆ ಗಟ್ಟಿಯಾಗಿ ಅಂಟಿಕೊಂಡು ಆಮ್ಲಜನಕಕ್ಕೆ ಜಾಗವನ್ನೇ ಬಿಡುವುದಿಲ್ಲ, ಆದ್ದರಿಂದ ಮಾಲಿನ್ಯ ಹೆಚ್ಚಿದಷ್ಟೂ ಹೊತ್ತಿಕೊಳ್ಳುವ ಉಷ್ಣಾಂಶವೂ ಮೇಲೇರುತ್ತದೆ. ಒಂದು ಪೂರ್ತಿ ಪ್ರಯಾಣದ ಹೈಡ್ರೋಕಾರ್ಬನ್ನಿನಲ್ಲಿ ದೊಡ್ಡ ಪಾಲು ಮೊದಲ ಒಂದೆರಡು ನಿಮಿಷಗಳದ್ದು ಎನ್ನುವುದು ಇದರಿಂದಾಗಿ. ಸೋಮವಾರಪೇಟೆಯಲ್ಲಿ ಮಗುವನ್ನು ಶಾಲೆಗೆ ಬಿಟ್ಟು ಬರುವ ಒಂದು ಕಿಲೋಮೀಟರಿನ ಓಟ, ಮಾಲಿನ್ಯದ ಲೆಕ್ಕದಲ್ಲಿ, ಬಹುಮಟ್ಟಿಗೆ ವೇಗವರ್ಧಕವೇ ಇಲ್ಲದ ಕಾರಿನ ಓಟ.

ಕೊಡಗಿನಲ್ಲಿ ಇದರ ಹೊಣೆಯನ್ನು ಚಳಿ ಮತ್ತು ಮಳೆಯ ಮೇಲೆ ಹಾಕುವುದು ರೂಢಿ. ನನಗೆ ಅದು ಸರಿ ಎನ್ನಿಸುವುದಿಲ್ಲ. ಮಡಿಕೇರಿಯ ಬೆಳಗಿನ 15 ಡಿಗ್ರಿಗೂ ಮಂಗಳೂರಿನ 27 ಡಿಗ್ರಿಗೂ ಇರುವ ಅಂತರ ಹನ್ನೆರಡು ಡಿಗ್ರಿ. ವೇಗವರ್ಧಕ ಏರಬೇಕಾದ ಎತ್ತರ ಇನ್ನೂರು ಡಿಗ್ರಿಗೂ ಮಿಗಿಲು. ಸುಮಾರು 1,150 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಶೇಕಡ 12–13ರಷ್ಟು ಕಡಿಮೆ ಇರುವುದೂ ನಿಜವೇ, ಆದರೆ ಟರ್ಬೋ ಇರುವ ಎಂಜಿನ್ನುಗಳು ಅದನ್ನು ಬಹುಪಾಲು ಸರಿದೂಗಿಸಿಕೊಳ್ಳುತ್ತವೆ. ನಿಜವಾದ ಸಮಸ್ಯೆ ಓಟದ ಉದ್ದ ಮತ್ತು ಎಂಜಿನ್ ಮೇಲಿನ ಹೊರೆ. ಘಟ್ಟ ಇಳಿದು ಹೋದರೂ ಇದೇ ಪಿಕಪ್ ಇದೇ ರೀತಿ ಒಂದೊಂದು ಕಿಲೋಮೀಟರ್ ಓಡಿದರೆ ಅಲ್ಲಿಯೂ ಇದೇ ಹಳದಿ ದೀಪ ಹತ್ತಿಕೊಳ್ಳುತ್ತದೆ.

ಡೀಸೆಲ್ ವಿಚಾರಕ್ಕೆ ಬಂದರೆ ತೊಡಕು ಇನ್ನೂ ಹೆಚ್ಚು, ಏಕೆಂದರೆ ಇಲ್ಲಿ ಒಂದರ ಹಿಂದೆ ಒಂದರಂತೆ ಎರಡು ಮೂರು ಡಬ್ಬಿಗಳಿವೆ ಮತ್ತು ಒಂದೊಂದರ ಕೆಲಸವೂ ತನಗಿಂತ ಮೊದಲಿರುವುದನ್ನು ಅವಲಂಬಿಸಿದೆ. ಮೊದಲನೆಯದು ಆಕ್ಸಿಡೇಷನ್ ವೇಗವರ್ಧಕ. ಅದರ ಬೆನ್ನಿಗೆ ಮಸಿಯನ್ನು ಹಿಡಿದಿಡುವ ಜರಡಿ, ಮೆಕ್ಯಾನಿಕ್‌ಗಳು ಡಿಪಿಎಫ್ ಎನ್ನುವುದು. ಲಾರಿ, ಬಸ್ಸು ಮತ್ತು ಅನೇಕ ದೊಡ್ಡ ಗಾಡಿಗಳಲ್ಲಿ ಇದರ ನಂತರ ಯೂರಿಯಾ ದ್ರಾವಣ, ಅಂದರೆ ಪೆಟ್ರೋಲ್ ಬಂಕಿನಲ್ಲಿ ಆಡ್‌ಬ್ಲೂ ಎಂದು ಸಿಗುವ ನೀರಿನಂತಹ ದ್ರವ, ಸಿಂಪಡಿಸಿ ನೈಟ್ರೋಜನ್ ಆಕ್ಸೈಡನ್ನು ನೈಟ್ರೋಜನ್ ಆಗಿ ಮಾರ್ಪಡಿಸುವ ಇನ್ನೊಂದು ಡಬ್ಬಿ. ಜರಡಿಯಲ್ಲಿ ಕೂಡಿಕೊಂಡ ಮಸಿ ಎರಡು ವಿಧದಲ್ಲಿ ಸುಡುತ್ತದೆ. ಮೊದಲ ಡಬ್ಬಿಯಲ್ಲಿ ಹುಟ್ಟುವ ನೈಟ್ರೋಜನ್ ಡೈಆಕ್ಸೈಡ್ ಸುಮಾರು 250ರಿಂದ 400 ಡಿಗ್ರಿಯಲ್ಲಿ ಮಸಿಯನ್ನು ಮೆಲ್ಲಗೆ, ಸದ್ದಿಲ್ಲದೆ ತಿಂದುಹಾಕುತ್ತದೆ. ಹೆದ್ದಾರಿಯಲ್ಲಿ ಓಡುವ ಗಾಡಿಗೆ ಬಹಳ ಸಲ ಇಷ್ಟೇ ಸಾಕು. ಇದು ಸಾಲದೆ ಬಂದಾಗ ಎಂಜಿನ್ನು ತಾನಾಗಿಯೇ ಹೆಚ್ಚುವರಿ ಡೀಸೆಲ್ ಸಿಂಪಡಿಸಿ, ಅದನ್ನು ಆಕ್ಸಿಡೇಷನ್ ವೇಗವರ್ಧಕದ ಮೇಲೆ ಸುಟ್ಟು, ಜರಡಿಯನ್ನು 550ರಿಂದ 600 ಡಿಗ್ರಿಗೆ ಏರಿಸಿ ಮಸಿಗೆ ಬೆಂಕಿ ಕೊಡುತ್ತದೆ.

ಸಣ್ಣ ಹೊರೆಯಲ್ಲಿ ಓಡುವ ಡೀಸೆಲ್ ಎಂಜಿನ್ನಿನ ಹೊಗೆಯ ಉಷ್ಣಾಂಶ ಸಾಮಾನ್ಯವಾಗಿ 100ರಿಂದ 200 ಡಿಗ್ರಿಯ ಆಸುಪಾಸು. ಅಲ್ಲಿಗೆ ಮೊದಲ ದಾರಿ ಮುಚ್ಚಿದಂತೆಯೇ. ಎರಡನೆಯ ದಾರಿಗೆ ಹತ್ತರಿಂದ ಇಪ್ಪತ್ತು ನಿಮಿಷ ಎಡೆಬಿಡದೆ ಓಡಬೇಕು; ತೋಟದ ಗಾಡಿ ಆರು ನಿಮಿಷಕ್ಕೆ ಕಣ ಮುಟ್ಟಿ ಆರಿಹೋಗುತ್ತದೆ. ಮಸಿ ಜರಡಿಯಲ್ಲೇ ತುಂಬುತ್ತಾ ಹೋಗಿ ಕೊನೆಗೆ ಆ ಹಳದಿ ದೀಪ ಹತ್ತಿಕೊಳ್ಳುತ್ತದೆ. ಅರ್ಧಕ್ಕೆ ನಿಂತ ಈ ಸುಡುವಿಕೆ ಮತ್ತೆ ಮತ್ತೆ ನಡೆದಾಗ ಸುಡಲೆಂದು ಸಿಂಪಡಿಸಿದ ಡೀಸೆಲಿನ ಒಂದು ಪಾಲು ಸಿಲಿಂಡರಿನ ಗೋಡೆಯಿಂದ ಇಳಿದು ಎಂಜಿನ್ ಆಯಿಲಿಗೆ ಸೇರುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮಟ್ಟ ಇಳಿಯುವ ಬದಲು ಏರಿರುತ್ತದೆ. ಇದನ್ನು ಶುಭಸೂಚನೆ ಎಂದು ತಿಳಿದವರಿದ್ದಾರೆ. ನಿಜಕ್ಕೂ ಅದು ತೆಳುವಾಗುತ್ತಿರುವ ಆಯಿಲ್, ಸವೆಯುತ್ತಿರುವ ಬೇರಿಂಗ್.

ಯೂರಿಯಾ ಡಬ್ಬಿಗೂ ತನ್ನದೇ ಕಿಟಕಿಯಿದೆ. ಅದು ಚೆನ್ನಾಗಿ ಕೆಲಸ ಮಾಡುವುದು ಸುಮಾರು 200ರಿಂದ 450 ಡಿಗ್ರಿಯ ನಡುವೆ. ಹೊಗೆ 180–200 ಡಿಗ್ರಿಗಿಂತ ತಣ್ಣಗಿದ್ದರೆ ಯೂರಿಯಾ, ನೈಟ್ರೋಜನ್ ಆಕ್ಸೈಡನ್ನು ಮಾರ್ಪಡಿಸಬೇಕಾದ ಅಮೋನಿಯಾ ಆಗಿ ಸರಿಯಾಗಿ ಒಡೆಯುವುದಿಲ್ಲ, ಬಿಳಿಯ ಗಟ್ಟಿಯಾಗಿ ಕೊಳವೆಯೊಳಗೆ ಕೂರುತ್ತದೆ. ಆದ್ದರಿಂದ ಕಂಪ್ಯೂಟರ್ ಸಿಂಪಡಿಸುವುದನ್ನೇ ನಿಲ್ಲಿಸುತ್ತದೆ, ನೈಟ್ರೋಜನ್ ಆಕ್ಸೈಡ್ ಇದ್ದಂತೆಯೇ ಹೊರಬೀಳುತ್ತದೆ. ಮೇಲಿನ ತುದಿಯಲ್ಲಿ ಅಮೋನಿಯಾ ತಾನೇ ಸುಟ್ಟುಹೋಗಿ ಕೆಲಸಕ್ಕೆ ಸಿಗದೆ, ಕೆಲವೊಮ್ಮೆ ಹೊಸದಾಗಿ ನೈಟ್ರಿಕ್ ಆಕ್ಸೈಡನ್ನೇ ಹುಟ್ಟಿಸುತ್ತದೆ. ಇದರ ಜೊತೆಗೆ, ಲೋಹದ ವೇಗವರ್ಧಕ ಪೂರ್ತಿ ಬಿಸಿಯೇರದ 200ರಿಂದ 350 ಡಿಗ್ರಿಯ ಹಂತದಲ್ಲಿ ನೈಟ್ರಸ್ ಆಕ್ಸೈಡ್ ಎಂಬ ಉಪ ಉತ್ಪನ್ನ ಹುಟ್ಟುತ್ತದೆ. ಅದರ ಭೂತಾಪ ಸಾಮರ್ಥ್ಯ ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿನ 270 ಪಟ್ಟಿಗೂ ಹೆಚ್ಚು. ಹೊಗೆ ಕಣ್ಣಿಗೆ ಕಾಣದು, ಮೂಗಿಗೆ ತಾಗದು ಎಂದ ಮಾತ್ರಕ್ಕೆ ಎಲ್ಲವೂ ಸರಿಯಿದೆ ಎನ್ನಲಾಗದು.

ಇಷ್ಟರವರೆಗೆ ಹೇಳಿದ್ದು ತಣ್ಣಗಿನ ಕಷ್ಟ. ಘಟ್ಟದ ದಾರಿ ಇದರ ತಿರುವು ಮುರುವು. ಸಂಪಾಜೆಯಿಂದ ಮಡಿಕೇರಿಗೆ ತುಂಬಿದ ಗಾಡಿ ಹತ್ತುವಾಗ ಹೊಗೆಯ ಉಷ್ಣಾಂಶ ವೇಗವರ್ಧಕಕ್ಕೆ ಬೇಕಾದ ಮಟ್ಟವನ್ನು ಸುಲಭವಾಗಿ ದಾಟುತ್ತದೆ. ಒಂದು ರೀತಿಯಲ್ಲಿ ಡಿಪಿಎಫ್‌ಗೆ ಇದಕ್ಕಿಂತ ಒಳ್ಳೆಯ ಔಷಧವಿಲ್ಲ. ಆದರೆ ಪೆಟ್ರೋಲ್ ಕಾರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದಾಗ, ಡಬ್ಬಿ ಮಿತಿಮೀರಿ ಕಾಯದಿರಲೆಂದು ಕೆಲವು ಎಂಜಿನ್ನುಗಳು ಹೆಚ್ಚು ಪೆಟ್ರೋಲ್ ಸುರಿದು ಹೊಗೆಯನ್ನು ತಂಪು ಮಾಡುತ್ತವೆ. ಪೆಟ್ರೋಲಿನ ಮೂರು ದಾರಿಯ ವೇಗವರ್ಧಕ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್, ನೈಟ್ರೋಜನ್ ಆಕ್ಸೈಡ್ ಮೂರನ್ನೂ ಒಟ್ಟಿಗೆ ತೆಗೆಯುವುದು ಗಾಳಿ ಮತ್ತು ಪೆಟ್ರೋಲಿನ ತೂಕದ ಅನುಪಾತ 14.7ಕ್ಕೆ 1ರ ಹತ್ತಿರ, ಕೂದಲೆಳೆಯ ಅಂತರದಲ್ಲಿ ನಿಂತಿದ್ದರೆ ಮಾತ್ರ. ಆ ಅನುಪಾತ ಕದಡಿದೊಡನೆ ಸುಡಲು ಆಮ್ಲಜನಕವಿಲ್ಲದೆ ಕಾರ್ಬನ್ ಮಾನಾಕ್ಸೈಡ್ ಜಾರಿಹೋಗುತ್ತದೆ. ಏರಿಗೆ ಒಂದು ಗೇರ್ ಕೆಳಗಿಟ್ಟು, ಪೆಡಲನ್ನು ಅರ್ಧಕ್ಕೆ ಹಿಡಿದು ಹತ್ತುವ ಹಳೆಯ ಚಾಲಕರ ಅಭ್ಯಾಸಕ್ಕೆ ಹೀಗೆ ರಸಾಯನ ವಿಜ್ಞಾನದ ಸಮರ್ಥನೆಯೂ ಸಿಗುತ್ತದೆ.

ಇಳಿಯುವಾಗ ಬೇರೆಯೇ ಕಥೆ. ಎಂಜಿನ್ ಬ್ರೇಕಿನಲ್ಲಿ ಇಳಿಯುವ ಗಾಡಿಗೆ ಇಂಧನ ಪೂರೈಕೆ ನಿಲ್ಲುತ್ತದೆ. ಸಿಲಿಂಡರುಗಳು ಬರೀ ಗಾಳಿಯನ್ನು ಎಳೆದು ಹೊರಹಾಕುವ ಪಂಪುಗಳಾಗುತ್ತವೆ. ಆ ಗಾಳಿ ಮುಕ್ಕಾಲು ಗಂಟೆ ಡಬ್ಬಿಯನ್ನು ತಣಿಸುತ್ತಾ ಬಂದು, ಕೆಳಗೆ ಸಮತಟ್ಟು ದಾರಿಯಲ್ಲಿ ಮತ್ತೆ ಆಕ್ಸಿಲರೇಟರ್ ಒತ್ತುವಾಗ ಡೀಸೆಲ್ ಗಾಡಿಯ ವೇಗವರ್ಧಕ ಹೊತ್ತಿಕೊಳ್ಳುವ ಗೆರೆಯ ಕೆಳಗೆ ಜಾರಿರಬಹುದು. ಘಟ್ಟದ ಬುಡದಲ್ಲಿ ಹೊಗೆ ಹೆಚ್ಚೆಂದು ಕಂಡುಬಂದರೆ ಕಾರಣವನ್ನು ಇಲ್ಲಿ ಹುಡುಕಬೇಕು. ಇದಕ್ಕಿಂತ ಅಪಾಯದ ಸಂದರ್ಭ ಇನ್ನೊಂದಿದೆ. ಮಸಿ ತುಂಬಿದ ಜರಡಿ ಏರು ಹತ್ತುವಾಗ 600 ಡಿಗ್ರಿಗೆ ಕಾದು ಸುಡಲು ಆರಂಭಿಸಿದ ಹೊತ್ತಿಗೆ ಸರಿಯಾಗಿ, ಕೊಯನಾಡಿನಲ್ಲಿ ಚಹಾಕ್ಕೆಂದೋ ಮರ ಬಿದ್ದು ದಾರಿ ಕಟ್ಟಿದ್ದಕ್ಕೋ ಗಾಡಿ ನಿಂತು ಎಂಜಿನ್ನು ಸುಮ್ಮನೆ ತಿರುಗುತ್ತಿದೆ ಎಂದುಕೊಳ್ಳಿ. ಆಗ ಹೊಗೆಯ ಹರಿವು ತಟ್ಟನೆ ಇಳಿದು ಬಿಸಿಯನ್ನು ಹೊತ್ತೊಯ್ಯುವವರೇ ಇಲ್ಲವಾಗುತ್ತಾರೆ. ಅದೇ ವೇಳೆಗೆ ಹೊಗೆಯಲ್ಲಿ ಆಮ್ಲಜನಕದ ಪಾಲು ಏರುತ್ತದೆ. ಒಳಗಿನ ಬೆಂಕಿ ಸಾವಿರ ಡಿಗ್ರಿ ದಾಟಿ ಪಿಂಗಾಣಿ ಬಿರುಕು ಬಿಡುವುದು ಇಂತಹ ಗಳಿಗೆಯಲ್ಲಿ. ತೋಟದ ಗಾಡಿಗೆ ಮಸಿ ತುಂಬಿದ ಮೇಲೆ ಒಮ್ಮೆಲೇ ಘಟ್ಟಕ್ಕೆ ಒಯ್ಯುವುದಕ್ಕಿಂತ, ವಾರಕ್ಕೊಮ್ಮೆ ಗೋಣಿಕೊಪ್ಪಕ್ಕೋ ಕುಶಾಲನಗರಕ್ಕೋ ಅರ್ಧ ಗಂಟೆ ಒಂದೇ ಹದದಲ್ಲಿ ಓಡಿಸಿ ತರುವುದು ಏಕೆ ಮೇಲು ಎಂಬುದಕ್ಕೆ ಇದೇ ಉತ್ತರ.

ಉಷ್ಣಾಂಶ ಸರಿಯಿದ್ದರೂ ವೇಗವರ್ಧಕಕ್ಕೆ ವಿಷಪ್ರಾಶನವಾಗುವುದುಂಟು. ಗಂಧಕ ಅವುಗಳಲ್ಲಿ ಮೊದಲನೆಯದು. ಬಿಎಸ್-4 ಡೀಸೆಲಿನಲ್ಲಿ ಹತ್ತು ಲಕ್ಷಕ್ಕೆ 50 ಪಾಲು ಇದ್ದ ಗಂಧಕದ ಮಿತಿ 2020ರ ಏಪ್ರಿಲ್ 1ರಿಂದ ದೇಶದಾದ್ಯಂತ 10ಕ್ಕೆ ಇಳಿದಿದ್ದು ವೇಗವರ್ಧಕಗಳು ಬದುಕಲಿ ಎಂಬ ಕಾರಣಕ್ಕೇ. ಎರಡನೆಯದು ಎಂಜಿನ್ ಆಯಿಲಿನ ರಂಜಕ ಮತ್ತು ಸತು. ಡಿಪಿಎಫ್ ಇರುವ ಗಾಡಿಗೆ ಬೂದಿ ಕಡಿಮೆ ಬಿಡುವ ಬೇರೆ ದರ್ಜೆಯ ಆಯಿಲ್ ಬೇಕು. ಮಸಿಯನ್ನು ಸುಡಬಹುದು, ಬೂದಿಯನ್ನು ಸುಡಲಾಗುವುದಿಲ್ಲ. ಟ್ರ್ಯಾಕ್ಟರ್, ಪಂಪ್‌ಸೆಟ್, ಪಿಕಪ್ ಮೂರಕ್ಕೂ ಸ್ಟೋರ್ ರೂಮಿನ ಒಂದೇ ಡ್ರಮ್ಮಿನಿಂದ ಆಯಿಲ್ ಅಳೆದು ಹಾಕುವ ತೋಟಗಳು ಈ ಲೆಕ್ಕದಲ್ಲಿ ಉಳಿಸುವುದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು.

ಇದೇ ತರ್ಕ ಜನರೇಟರಿಗೂ ಅನ್ವಯಿಸುತ್ತದೆ, ಮತ್ತು ಇಲ್ಲಿ ಕೊಡಗಿನ ಮಳೆಗಾಲಕ್ಕೆ ನಿಜವಾದ ಪಾತ್ರವಿದೆ. ಮರ ಬಿದ್ದು ಲೈನ್ ಹೋದರೆ ಎರಡು ಮೂರು ದಿನ ವಿದ್ಯುತ್ ಬಾರದ ಊರುಗಳಲ್ಲಿ ರೆಸಾರ್ಟು, ಹೋಂಸ್ಟೇ, ತೋಟದ ಬಂಗಲೆಗಳು ಡೀಸೆಲ್ ಜನರೇಟರನ್ನೇ ನಂಬಿವೆ. 2023ರ ಜುಲೈ 1ರಿಂದ ಜಾರಿಗೆ ಬಂದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಿಪಿಸಿಬಿ 4+’ ಮಾನದಂಡ 800 ಕಿಲೋವ್ಯಾಟ್‌ವರೆಗಿನ ಹೊಸ ಜನರೇಟರುಗಳಿಗೆ ಅನ್ವಯಿಸುತ್ತದೆ. ಮಧ್ಯಮ ಮತ್ತು ದೊಡ್ಡ ಯಂತ್ರಗಳು ಇದನ್ನು ಪಾಲಿಸಲು ವೇಗವರ್ಧಕದ ಆಸರೆ ಪಡೆದಿವೆ. ಆದರೆ ಮದುವೆಯ ದಿನದ ಹೊರೆಗೆಂದು ಕೊಂಡ ನೂರು ಕಿಲೋವ್ಯಾಟಿನ ಯಂತ್ರ ಆಟಿ ತಿಂಗಳ ರಾತ್ರಿಯಿಡೀ ನಾಲ್ಕು ಬಲ್ಬು, ಎರಡು ಫ್ರಿಜ್ಜಿಗಾಗಿ ತಿರುಗಿದರೆ, ಅದರ ಹೊಗೆ ಎಂದಿಗೂ ಬಿಸಿಯೇರುವುದಿಲ್ಲ. ಸುಡದ ಡೀಸೆಲ್ ಮತ್ತು ಮಸಿ ಕೊಳವೆಯ ಬಾಯಲ್ಲಿ ಕಪ್ಪು ಜಿಡ್ಡಾಗಿ ಇಳಿಯುತ್ತದೆ. ದೊಡ್ಡದೊಂದರ ಬದಲು ಒಂದು ದೊಡ್ಡದು ಮತ್ತು ಒಂದು ಸಣ್ಣದನ್ನು ಇಟ್ಟುಕೊಂಡು ಹೊರೆಗೆ ತಕ್ಕಂತೆ ಬಳಸುವುದು ಡೀಸೆಲ್ ಉಳಿಸುವುದಷ್ಟೇ ಅಲ್ಲ, ವೇಗವರ್ಧಕವನ್ನೂ ಕಾಯುತ್ತದೆ.

ಕಾಫಿ ಹುರಿಯುವವರ ಹೊಗೆಯಲ್ಲಿ ಇದೇ ಪ್ರಶ್ನೆ ಇನ್ನೊಂದು ರೂಪ ತಾಳುತ್ತದೆ. ಪ್ರವಾಸಿಗರನ್ನು ನಂಬಿ ಮಡಿಕೇರಿ, ಕುಶಾಲನಗರಗಳಲ್ಲಿ ತಲೆಯೆತ್ತಿರುವ ಸಣ್ಣ ರೋಸ್ಟರಿಗಳ ಪರಿಮಳ ದಾರಿಹೋಕರಿಗೆ ಹಿತವೆನಿಸಬಹುದು, ಪಕ್ಕದ ಮನೆಯವರಿಗೆ ಹಾಗಲ್ಲ. ಬೀಜ 200 ಡಿಗ್ರಿ ದಾಟಿದ ಮೇಲೆ ಬರುವ ಹೊಗೆಯಲ್ಲಿ ಅಸಿಟಾಲ್ಡಿಹೈಡ್, ಫಾರ್ಮಾಲ್ಡಿಹೈಡ್, ಅಸಿಟಿಕ್ ಆಮ್ಲ, ಕಾರ್ಬನ್ ಮಾನಾಕ್ಸೈಡ್, ಎಣ್ಣೆಯ ಹನಿ ಎಲ್ಲವೂ ಇರುತ್ತವೆ. ಇವನ್ನು ಬರೀ ಜ್ವಾಲೆಯಿಂದ ಸುಡುವ ಯಂತ್ರಕ್ಕೆ 700–800 ಡಿಗ್ರಿ ಬೇಕು. ವೇಗವರ್ಧಕ ಇಟ್ಟರೆ 350ರಿಂದ 450 ಸಾಕು. ಅನಿಲದ ಖರ್ಚಿನ ಅಂತರ ಗಣನೀಯ. ಆದರೂ ರೋಸ್ಟರು ಒಂದೇ ಸಮನೆ ಹೊಗೆ ಬಿಡುವ ಯಂತ್ರವಲ್ಲ ಎಂಬುದನ್ನು ಖರೀದಿಸುವವರು ಮರೆಯುತ್ತಾರೆ. ಮೊದಲ ಎಂಟು ನಿಮಿಷ ಬರೀ ನೀರಾವಿ, ಕೊನೆಯ ಎರಡು ಮೂರು ನಿಮಿಷದಲ್ಲಿ ದಟ್ಟ ಹೊಗೆ. ಒಂದು ಘನಮೀಟರ್ ಗಾಳಿಯಲ್ಲಿ ಒಂದು ಗ್ರಾಂ ಹೈಡ್ರೋಕಾರ್ಬನ್ ಇದ್ದರೆ ಅದು ಪೂರ್ತಿ ಸುಟ್ಟಾಗ ಗಾಳಿ ಸುಮಾರು 30 ಡಿಗ್ರಿ ಬಿಸಿಯೇರುತ್ತದೆ. ಹೊಗೆ ದಟ್ಟವಾದಷ್ಟೂ ಒಳಗಿನ ಉಷ್ಣಾಂಶ ತಾನಾಗಿಯೇ ಮೇಲಕ್ಕೆ ಚಿಮ್ಮುತ್ತದೆ. ಮೊದಲೇ 450ರಲ್ಲಿ ಇಟ್ಟಿದ್ದರೆ ಅತಿಯಾಗಿ ಕಾದು ಲೋಹದ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗುತ್ತವೆ, ಮೇಲ್ಮೈ ಕುಗ್ಗುತ್ತದೆ. ಅನಿಲ ಉಳಿಸಲು 280ರಲ್ಲಿ ಇಟ್ಟರೆ ಅರೆಬೆಂದ ದಹನವಾಗಿ ದೊಡ್ಡ ಅಣುಗಳು ಒಡೆದು ಇನ್ನಷ್ಟು ಆಲ್ಡಿಹೈಡ್ ಆಗಿ ಹೊರಬರುತ್ತವೆ: ಹೊಗೆ ಕಾಣುವುದಿಲ್ಲ, ಕಣ್ಣು ಮಾತ್ರ ಉರಿಯುತ್ತದೆ. ಬೀಜದಿಂದ ಹಾರುವ ಸಿಪ್ಪೆಯ ಹೊಟ್ಟನ್ನು ಸೈಕ್ಲೋನಿನಲ್ಲಿ, ಅಂದರೆ ಗಾಳಿಯನ್ನು ಸುತ್ತಿಸಿ ಹೊಟ್ಟು ಬೇರ್ಪಡಿಸುವ ಕೊಳಗದಲ್ಲಿ, ಮೊದಲೇ ಹಿಡಿಯದಿದ್ದರೆ ಅದು ಕಂಡಿಗಳ ಬಾಯಿಯನ್ನೇ ಮುಚ್ಚುತ್ತದೆ. ರಸಾಯನಕ್ಕಿಂತ ಮೊದಲು ಪೊರಕೆಯ ಕೆಲಸ.

ತೋಟದ ಒಳಗಿನ ಚಿಕ್ಕ ಓಟಕ್ಕೆ ಬ್ಯಾಟರಿ ಗಾಡಿಯೇ ಸರಿಯೆಂದು ವಾದಿಸುವವರ ಮಾತಿನಲ್ಲಿ ತಿರುಳಿದೆ, ಏಕೆಂದರೆ ವೇಗವರ್ಧಕ ಅತ್ಯಂತ ನಿರುಪಯುಕ್ತವಾಗುವ ಕೆಲಸವೇ ಬ್ಯಾಟರಿಗೆ ಅತ್ಯಂತ ಸಲೀಸಾದ ಕೆಲಸ. ಕೆಸರಿನ ಏರಿನಲ್ಲಿ ಒಂದು ಟನ್ ಹಣ್ಣು ಹೊರುವ ನಾಲ್ಕು ಚಕ್ರ ಚಾಲನೆಯ ಗಾಡಿ ಕೈಗೆಟಕುವ ಬೆಲೆಗೆ ಬರುವವರೆಗೆ ಇದು ಮಾತಾಗಿಯೇ ಉಳಿಯುತ್ತದೆ. ಈ ನಡುವೆ ಜನ ಹಿಡಿದಿರುವ ಅಡ್ಡದಾರಿ ಡಿಪಿಎಫ್ ಬಿಚ್ಚಿಸಿ, ಕಂಪ್ಯೂಟರಿಗೆ ಸುಳ್ಳು ಹೇಳಿಸಿ ದೀಪ ಆರಿಸುವುದು. ಇದು ಕಾನೂನುಬಾಹಿರ. ಬಿಎಸ್-4 ಗಾಡಿಗಿಂತ ಕೆಟ್ಟ ಹೊಗೆಯೂ ಬರಬಹುದು, ಏಕೆಂದರೆ ಜರಡಿ ಇದ್ದೇ ಇರುತ್ತದೆಂಬ ನಂಬಿಕೆಯ ಮೇಲೆ ಎಂಜಿನ್ನಿನ ಒಳ ಹೊಂದಾಣಿಕೆಗಳನ್ನು ಮಾಡಲಾಗಿರುತ್ತದೆ.

ಇಷ್ಟೆಲ್ಲ ನಡೆದರೂ ಮಾಲಿನ್ಯ ತಪಾಸಣೆಯ ಚೀಟಿ ಸರಾಗವಾಗಿ ಸಿಗುವುದೇಕೆ? 2023ರ ಏಪ್ರಿಲ್‌ನಿಂದ ಹೊಸ ಮಾದರಿಯ ವಾಹನಗಳನ್ನು ಕಂಪನಿಯ ಹಂತದಲ್ಲಿ ನಿಜವಾದ ರಸ್ತೆಯ ಮೇಲೆ ಓಡಿಸಿ ಅಳೆಯುವ ನಿಯಮ ಬಂದಿದೆ. ಅದು ದೊಡ್ಡ ಸುಧಾರಣೆ. ಬಳಕೆಯಲ್ಲಿರುವ ಗಾಡಿಗೆ ಮಾತ್ರ ಹಳೆಯ ಪರೀಕ್ಷೆಯೇ. ಪೆಟ್ರೋಲ್ ಗಾಡಿ ನಿಂತಲ್ಲೇ ತಿರುಗುವಾಗ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್, ಡೀಸೆಲ್ ಗಾಡಿಗೆ ಆಕ್ಸಿಲರೇಟರ್ ಒತ್ತಿಬಿಟ್ಟಾಗ ಹೊಗೆ ಎಷ್ಟು ಕಪ್ಪು ಎಂಬುದಷ್ಟೇ. ನೈಟ್ರೋಜನ್ ಆಕ್ಸೈಡನ್ನು ಅಳೆಯುವ ಏರ್ಪಾಡೇ ಇಲ್ಲ, ಸೂಕ್ಷ್ಮ ಕಣಗಳನ್ನು ಎಣಿಸುವುದಿಲ್ಲ. ನೆದರ್‌ಲ್ಯಾಂಡ್ಸ್ ಮತ್ತು ಜರ್ಮನಿಗಳು 2023ರಲ್ಲಿ ಡೀಸೆಲ್ ಗಾಡಿಗಳಿಗೆ ಕಣ ಎಣಿಸುವ ಯಂತ್ರ ಕಡ್ಡಾಯ ಮಾಡಿದವು. ಬಿರುಕು ಬಿಟ್ಟ ಅಥವಾ ಬಿಚ್ಚಿಸಿದ ಜರಡಿಯನ್ನು ಅದು ಎಂಜಿನ್ನು ಸುಮ್ಮನೆ ತಿರುಗುತ್ತಿರುವಾಗಲೇ ಹಿಡಿಯುತ್ತದೆ. ನಮ್ಮಲ್ಲಿ ಕೊನೆಯ ಪಕ್ಷ ಪರೀಕ್ಷೆಯ ವೇಳೆ ಗಾಡಿಯ ಕಂಪ್ಯೂಟರಿನಿಂದ ಡಿಪಿಎಫ್ ದಾಖಲೆಯನ್ನಾದರೂ ಓದುವ ಪದ್ಧತಿ ಬರಬೇಕಿತ್ತು. ಈಗಿನ ಸ್ಥಿತಿಯಲ್ಲಿ ವರ್ಷವಿಡೀ ಲೈನ್ ಮನೆಗೂ ಕಣಕ್ಕೂ ನಡುವೆ ತಣ್ಣಗೆ ಓಡಾಡಿದ ಪಿಕಪ್, ಚೀಟಿಗಾಗಿ ತೋಟದಿಂದ ಮೂವತ್ತು ಕಿಲೋಮೀಟರ್ ಏರಿ ಮಡಿಕೇರಿಯ ತಪಾಸಣಾ ಕೇಂದ್ರದ ಮುಂದೆ ನಿಲ್ಲುವ ಹೊತ್ತಿಗೆ, ಅದರ ವೇಗವರ್ಧಕ ಆ ವರ್ಷದಲ್ಲೇ ಅತ್ಯಂತ ಬಿಸಿಯಾಗಿರುತ್ತದೆ.